ಕಾಯಿಲ್ ಸಿಮ್ಯುಲೇಶನ್ ತಪ್ಪು ಉತ್ತರ ಕೊಟ್ಟರೆ: ಎಷ್ಟು ಪಟ್ಟು ತಪ್ಪು ಎಂದು ಮೊದಲು ನೋಡಿ

ಕಾಯಿಲ್‌ನ ಕಾಂತಕ್ಷೇತ್ರವನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವ ಸಿಮ್ಯುಲೇಶನ್ ಓಡಿಸಿದಾಗ ಎರರ್ ಪೆಟ್ಟಿಗೆ ಮುಖಕ್ಕೆ ಬಂದರೆ ನನಗೆ ಒಂಥರಾ ಸಮಾಧಾನ. ಏನೋ ಸರಿಯಿಲ್ಲ ಎಂದು ಅದೇ ಬಾಯಿಬಿಟ್ಟು ಹೇಳಿತಲ್ಲ! ಭಯವಾಗುವುದು ಎರರ್ ಬಾರದಿದ್ದಾಗ. ಬಣ್ಣಬಣ್ಣದ ಚಿತ್ರ ಬರುತ್ತದೆ, ಫ್ಲಕ್ಸ್ ಗೆರೆಗಳು, ಅಂದರೆ ಕಾಂತಕ್ಷೇತ್ರದ ಗೆರೆಗಳು, ಚೆಂದವಾಗಿ ಬಾಗಿರುತ್ತವೆ, ಇಂಡಕ್ಟನ್ಸ್ ಎಂದು ಒಂದು ಸಂಖ್ಯೆಯೂ ಸಿಗುತ್ತದೆ. ಅದನ್ನು ನಂಬಿ ಕಾಯಿಲ್ ಸುತ್ತಿಸಿ ಮೀಟರ್‌ಗೆ ಹಾಕಿದಾಗ ಬಣ್ಣ ಬಯಲಾಗುತ್ತದೆ.

ಈ ಲೇಖನದಲ್ಲಿ ಎರಡೂ ಬಗೆಯ ತಪ್ಪುಗಳನ್ನು ನೋಡೋಣ. ಬಾಯಿಬಿಡುವ ತಪ್ಪುಗಳಿಗೆ ಸ್ವಲ್ಪ ಜಾಗ ಸಾಕು. ಬಾಯಿ ಮುಚ್ಚಿಕೊಂಡು ಕೂರುವ ತಪ್ಪುಗಳಿಗೆ ಜಾಸ್ತಿ ಜಾಗ ಬೇಕು. ಉದಾಹರಣೆಗೆ ನಾನು ತೆಗೆದುಕೊಂಡಿರುವುದು ಡೇವಿಡ್ ಮೀಕರ್ ಬರೆದ ಫೈನೈಟ್ ಎಲಿಮೆಂಟ್ ಮೆಥಡ್ ಮ್ಯಾಗ್ನೆಟಿಕ್ಸ್, ಚಿಕ್ಕದಾಗಿ ಫೆಮ್, ಅದರ 4.2ನೇ ಆವೃತ್ತಿ. ಇದು ಉಚಿತ, ಹಗುರ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ವಿಂಡೋಸ್‌ಗೆಂದು ಬರೆದದ್ದು, ಲಿನಕ್ಸ್‌ನಲ್ಲಿ ವೈನ್ ಎಂಬ ಸಾಫ್ಟ್‌ವೇರ್ ಮೂಲಕ ನಡೆಯುತ್ತದೆ. ನೀವು ಬೇರೆ ಸಾಫ್ಟ್‌ವೇರ್ ಬಳಸುತ್ತಿದ್ದರೂ ಪರವಾಗಿಲ್ಲ. ಗುಂಡಿಗಳ ಹೆಸರು ಬೇರೆ ಇರಬಹುದು, ನಾವು ಮಾಡುವ ತಪ್ಪುಗಳು ಮಾತ್ರ ಎಲ್ಲ ಕಡೆ ಅವೇ.

ಮೊದಲು ಒಂದು ಒರೆಗಲ್ಲು ಮಾಡಿಕೊಳ್ಳಿ

ನಿಮ್ಮ ನಿಜವಾದ ಕಾಯಿಲ್ ಎಷ್ಟೇ ಜಟಿಲವಾಗಿರಲಿ, ಮೊದಲು ಉತ್ತರ ಗೊತ್ತಿರುವ ಒಂದು ಸರಳ ಕಾಯಿಲ್ ಬಿಡಿಸಿ. ಚಿನ್ನ ನೋಡುವವರು ಒರೆಗಲ್ಲು ಇಟ್ಟುಕೊಳ್ಳುತ್ತಾರಲ್ಲ, ಹಾಗೆ. ನನ್ನದು ಇದು: ಒಂದೇ ಪದರದಲ್ಲಿ 100 ಸುತ್ತು, ಸರಾಸರಿ ತ್ರಿಜ್ಯ 10 ಮಿ.ಮೀ., ಉದ್ದ 50 ಮಿ.ಮೀ., ತಂತಿ 26 ಎಸ್‌ಡಬ್ಲ್ಯುಜಿ (ತಂತಿಯ ದಪ್ಪ ಹೇಳುವ ಬ್ರಿಟಿಷ್ ಗೇಜ್), ಒಳಗೆ ಬರೀ ಗಾಳಿ. 26 ಗೇಜ್ ತಾಮ್ರದ ದಪ್ಪ 0.457 ಮಿ.ಮೀ. ಎನಾಮೆಲ್ ಸೇರಿ ಸುತ್ತಿಗೆ ಅರ್ಧ ಮಿ.ಮೀ. ಎಂದು ಹಿಡಿದರೆ 100 ಸುತ್ತು ಸರಿಯಾಗಿ 50 ಮಿ.ಮೀ.ನಲ್ಲಿ ಕೂರುತ್ತದೆ.

ಇದರ ಇಂಡಕ್ಟನ್ಸ್‌ಗೆ ಹೆರಾಲ್ಡ್ ವೀಲರ್ 1928ರಲ್ಲಿ ಕೊಟ್ಟ ಸೂತ್ರ ಸಾಕು. ಅಳತೆ ಸೆಂ.ಮೀ.ನಲ್ಲಿ ಹಾಕಿದರೆ ಉತ್ತರ ಮೈಕ್ರೊಹೆನ್ರಿಯಲ್ಲಿ ಬರುತ್ತದೆ:

ಇಂಡಕ್ಟನ್ಸ್ = 0.394 × ತ್ರಿಜ್ಯ² × ಸುತ್ತು² ÷ (9 × ತ್ರಿಜ್ಯ + 10 × ಉದ್ದ)

ನಮ್ಮ ಕಾಯಿಲ್‌ಗೆ 3940 ÷ 59, ಅಂದರೆ 66.8 ಮೈಕ್ರೊಹೆನ್ರಿ. ಉದ್ದವು ತ್ರಿಜ್ಯದ 0.8 ಪಟ್ಟಿಗಿಂತ ಹೆಚ್ಚಿದ್ದರೆ ಈ ಸೂತ್ರದ ತಪ್ಪು ಸುಮಾರು 1 ಶೇಕಡದೊಳಗೇ ಇರುತ್ತದೆ. ಸುಮ್ನೆ 67 ಎಂದು ನೆನಪಿಟ್ಟುಕೊಳ್ಳಿ.

ಇನ್ನೆರಡು ಸಂಖ್ಯೆ ಬೇಕು. 1 ಆಂಪಿಯರ್ ಹರಿದಾಗ ಕಾಯಿಲ್‌ನ ನಟ್ಟನಡುವೆ ಫೀಲ್ಡ್ 2.33 ಮಿಲಿಟೆಸ್ಲಾ. ತಂತಿಯ ಒಟ್ಟು ಉದ್ದ 6.28 ಮೀಟರ್, ರೆಸಿಸ್ಟೆನ್ಸ್ 0.66 ಓಮ್.

67, 2.33, 0.66. ಈ ಮೂರನ್ನು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿ. ಇನ್ನು ಮುಂದಿನ ಮಾತೆಲ್ಲ ಇವುಗಳ ಮೇಲೆಯೇ.

ಓಡಲೇ ಒಪ್ಪದಿದ್ದರೆ

ಫೆಮ್‌ನಲ್ಲಿ ಮೂರು ಗುಂಡಿಗಳಿವೆ. ಹಳದಿ ಬಲೆಯ ಗುಂಡಿ ಮೆಶ್ ಮಾಡುತ್ತದೆ, ಅಂದರೆ ಚಿತ್ರವನ್ನು ಸಣ್ಣ ಸಣ್ಣ ತ್ರಿಕೋನಗಳಾಗಿ ಒಡೆಯುತ್ತದೆ, ಹಿಡಿಕೆ ತಿರುಗಿಸುವ ಚಿತ್ರದ್ದು ಲೆಕ್ಕ ಮಾಡುತ್ತದೆ, ಕನ್ನಡಕದ್ದು ಉತ್ತರ ತೋರಿಸುತ್ತದೆ. ಹೊಸಬರು ನೇರವಾಗಿ ಹಿಡಿಕೆ ತಿರುಗಿಸುತ್ತಾರೆ. ಬೇಡ. ಮೊದಲು ಮೆಶ್ ಮಾಡಿ, ಕಣ್ಣಿಟ್ಟು ನೋಡಿ, ಆಮೇಲೆ ಮುಂದೆ ಹೋಗಿ.

ಫೈಲ್ ಸೇವ್ ಮಾಡದೆ ಮೆಶ್ ಒತ್ತಿದರೆ ಅದು ಮೊದಲು ಸೇವ್ ಮಾಡು ಎನ್ನುತ್ತದೆ. ಸೇವ್ ಮಾಡುವಾಗ ನಿಮ್ಮದೇ ಫೋಲ್ಡರ್‌ನಲ್ಲಿ ಮಾಡಿ. ಉತ್ತರದ ಫೈಲನ್ನೂ ಅದೇ ಜಾಗದಲ್ಲಿ ಬರೆಯುವುದರಿಂದ, ಬರೆಯಲು ಅನುಮತಿ ಇಲ್ಲದ ಸಿಸ್ಟಂ ಫೋಲ್ಡರ್‌ನಲ್ಲಿ ಇಟ್ಟರೆ ವಿಚಿತ್ರ ತೊಂದರೆಗಳು ಬರುತ್ತವೆ.

ತೀರಾ ಸಾಮಾನ್ಯ ಎರರ್ ಎಂದರೆ ‘ಎಲ್ಲ ಜಾಗಗಳಿಗೂ ಮಟೀರಿಯಲ್ ಕೊಟ್ಟಿಲ್ಲ’ ಎನ್ನುವುದು. ಗೆರೆಗಳಿಂದ ಮುಚ್ಚಿದ ಪ್ರತಿ ಜಾಗಕ್ಕೂ ಒಂದು ಬ್ಲಾಕ್ ಲೇಬಲ್ ಬೇಕು, ಆ ಲೇಬಲ್‌ಗೆ ಒಂದು ಮಟೀರಿಯಲ್ ಬೇಕು. ಗಾಳಿಗೂ ಬೇಕು. ನಾವು ಗಾಳಿಯನ್ನು ಖಾಲಿ ಜಾಗ ಎಂದುಕೊಳ್ಳುತ್ತೇವೆ, ಸಾಫ್ಟ್‌ವೇರ್‌ಗೆ ಅದೂ ಒಂದು ವಸ್ತು. ಮೆಶ್ ಗುಂಡಿ ಒತ್ತಿದರೆ ಲೇಬಲ್ ಇಲ್ಲದ ಜಾಗವನ್ನು ಅದೇ ಎತ್ತಿ ತೋರಿಸುತ್ತದೆ. ಎಷ್ಟೋ ಸಲ ಅದು ಕಣ್ಣಿಗೇ ಬೀಳದಷ್ಟು ಚಿಕ್ಕದು. ಎರಡು ಗೆರೆ ಸರಿಯಾಗಿ ಕೂಡದೆ ನಡುವೆ ಹುಟ್ಟಿಕೊಂಡ ತ್ರಿಕೋನದ ಚೂರು. ಅದಕ್ಕೆ ಲೇಬಲ್ ಕೊಡಬೇಡಿ, ಗೆರೆಯನ್ನೇ ಸರಿಮಾಡಿ.

ಇದರ ಉಲ್ಟಾ ಇನ್ನೂ ಕೆಟ್ಟದ್ದು. ಕಾಯಿಲ್‌ನ ಆಯತದ ಒಂದು ಮೂಲೆ ಕೂಡಿಕೊಂಡಿಲ್ಲ ಅಂದುಕೊಳ್ಳಿ. ಆಗ ಕಾಯಿಲ್ ಮತ್ತು ಗಾಳಿ ಸೇರಿ ಒಂದೇ ಜಾಗ. ಅದರಲ್ಲಿ ಎರಡು ಲೇಬಲ್. ಒಂದು ಗೆಲ್ಲುತ್ತದೆ. ಗಾಳಿ ಗೆದ್ದರೆ ಕಾಯಿಲ್ ಮಾಯ, ತಾಮ್ರ ಗೆದ್ದರೆ ಇಡೀ ಕೋಣೆ ತಾಮ್ರ. ಪತ್ತೆ ಮಾಡುವುದು ಸುಲಭ. ಉತ್ತರದ ಕಿಟಕಿಯಲ್ಲಿ ಬ್ಲಾಕ್ ಮೋಡ್‌ಗೆ ಹೋಗಿ ಕಾಯಿಲ್ ಮೇಲೆ ಕ್ಲಿಕ್ ಮಾಡಿ. ಅದು ಹಸಿರಾಗುತ್ತದೆ. ಹಸಿರು ಕಾಯಿಲ್‌ನ ಆಯತದೊಳಗೇ ನಿಂತಿತೇ? ಇಂಟಿಗ್ರಲ್ ಪಟ್ಟಿಯಲ್ಲಿ ಅಡ್ಡಕೊಯ್ತದ ವಿಸ್ತೀರ್ಣ ಕೇಳಿ. ನಮ್ಮ ಕಾಯಿಲ್‌ಗೆ 0.5 × 50, ಅಂದರೆ 25 ಚದರ ಮಿ.ಮೀ. ಬರಬೇಕು. ಒಟ್ಟು ಕರೆಂಟ್ ಕೇಳಿದರೆ 100 ಆಂಪಿಯರ್ ಬರಬೇಕು, 100 ಸುತ್ತು ಗುಣಿಸು 1 ಆಂಪಿಯರ್. ಈ ಎರಡು ಪರೀಕ್ಷೆಗೆ ಅರ್ಧ ನಿಮಿಷ ಸಾಕು. ನಾನು ಈಗ ಪ್ರತಿ ಮಾಡೆಲ್‌ಗೂ ಮಾಡುತ್ತೇನೆ. ಮಾಡದೆ ಒಂದು ವಾರ ಕಳೆದುಕೊಂಡ ಮೇಲೆ ಬಂದ ಬುದ್ಧಿ ಅದು.

ಮೆಶ್ ಶುರುವಾಗಿ ಮುಗಿಯದೇ ಇದ್ದರೆ? ತ್ರಿಕೋನಗಳ ಸಂಖ್ಯೆ ಲಕ್ಷಗಟ್ಟಲೆ ಏರುತ್ತಿದ್ದರೆ? ಬಹುತೇಕ ಕ್ಯಾಡ್‌ನಿಂದ (ಚಿತ್ರ ಬಿಡಿಸುವ ಸಾಫ್ಟ್‌ವೇರ್) ಡಿಎಕ್ಸ್‌ಎಫ್ ಎಂಬ ಚಿತ್ರದ ಫೈಲ್ ತಂದಾಗ ಹೀಗಾಗುತ್ತದೆ. ಒಂದೇ ಕಡೆ ಇರಬೇಕಾದ ಎರಡು ಬಿಂದು ಕೂದಲೆಳೆಯಷ್ಟು ದೂರದಲ್ಲಿರುತ್ತವೆ. ಆ ಸಂದಿಗೆ ತಕ್ಕಷ್ಟು ಸಣ್ಣ ತ್ರಿಕೋನ ಮಾಡಲು ಮೆಶರ್ ಹೋರಾಡುತ್ತದೆ. ಡಿಎಕ್ಸ್‌ಎಫ್ ತರುವಾಗ ಕೇಳುವ ಟಾಲರೆನ್ಸ್ ಸ್ವಲ್ಪ ಹೆಚ್ಚಿಸಿ, ಅಥವಾ ಕೈಯಲ್ಲೇ ಬಿಡಿಸಿ. ಬಿಂದು ಹಾಕುವಾಗ ಟ್ಯಾಬ್ ಕೀ ಒತ್ತಿದರೆ ಅಳತೆ ಟೈಪ್ ಮಾಡುವ ಪೆಟ್ಟಿಗೆ ಬರುತ್ತದೆ. ಮೌಸ್‌ನಲ್ಲಿ ಕುಕ್ಕುವುದಕ್ಕಿಂತ ಇದೇ ವಾಸಿ. ತೀರಾ ಚೂಪಾದ ಮೂಲೆಗಳಿದ್ದರೆ ಪ್ರಾಬ್ಲಂ ಪೆಟ್ಟಿಗೆಯಲ್ಲಿ ಕನಿಷ್ಠ ಕೋನ 30 ಇರುವುದನ್ನು 20ಕ್ಕೆ ಇಳಿಸಿ ನೋಡಿ.

ಇನ್ನೊಂದು ಮಾತು. ತಂತಿ ತಂತಿಯ ನಡುವಿನ ಎನಾಮೆಲ್ ಪದರವನ್ನು ಬಿಡಿಸಲು ಹೋಗಬೇಡಿ. ಕಾಯಿಲ್ ಇಡಿಯಾಗಿ ಒಂದು ಆಯತ, ಅದಕ್ಕೆ 100 ಸುತ್ತು. ಹೆಚ್ಚಿನ ಕೆಲಸಕ್ಕೆ ಅಷ್ಟೇ ಸಾಕು.

ಓಡಿತು, ಸಂಖ್ಯೆ ಸರಿಯಿಲ್ಲ

ಈಗ ಚೀಟಿ ತೆಗೆಯಿರಿ. ಬಂದ ಉತ್ತರವನ್ನು 67ರಿಂದ ಭಾಗಿಸಿ. ಎಷ್ಟು ಪಟ್ಟು ತಪ್ಪಿದೆ ಎನ್ನುವುದೇ ತಪ್ಪು ಎಲ್ಲಿದೆ ಎಂದು ಹೇಳಿಬಿಡುತ್ತದೆ. ನಾಡಿ ಹಿಡಿದು ನೋಡಿದ ಹಾಗೆ.

ಇಂಡಕ್ಟನ್ಸ್ 1.7 ಮಿಲಿಹೆನ್ರಿ, ನಡುವಿನ ಫೀಲ್ಡ್ 0.09 ಮಿಲಿಟೆಸ್ಲಾ. ಮೊದಲನೆಯದು 25.4 ಪಟ್ಟು ಹೆಚ್ಚು, ಎರಡನೆಯದು 25.4 ಪಟ್ಟು ಕಡಿಮೆ. ಈ ಸಂಖ್ಯೆ ಎಲ್ಲೋ ನೋಡಿದ್ದೀವಿ ಅಲ್ವಾ? ಒಂದು ಇಂಚಿಗೆ 25.4 ಮಿ.ಮೀ. ಫೆಮ್ ಹೊಸ ಫೈಲ್ ತೆರೆದಾಗ ಉದ್ದದ ಅಳತೆ ಇಂಚಿನಲ್ಲಿರುತ್ತದೆ. ನೀವು ಮಿ.ಮೀ. ಎಂದುಕೊಂಡು 10, 50 ಎಂದು ಹಾಕಿದ್ದೀರಿ. ಅದು ತಲೆದಿಂಬಿಗಿಂತ ದೊಡ್ಡ ಕಾಯಿಲ್ ಲೆಕ್ಕ ಮಾಡಿದೆ. ಪ್ರಾಬ್ಲಂ ಪೆಟ್ಟಿಗೆಯಲ್ಲಿ ಮಿಲಿಮೀಟರ್ ಆರಿಸಿ.

ಇಂಡಕ್ಟನ್ಸ್ 232, ಫೀಲ್ಡ್ 1.96. ಸುಮಾರು ಮೂರೂವರೆ ಪಟ್ಟು. ತ್ರಿಜ್ಯದ ಜಾಗದಲ್ಲಿ ವ್ಯಾಸ ಹಾಕಿದ್ದೀರಿ. ವೈಂಡಿಂಗ್ ಅಂಗಡಿಯಲ್ಲಿ ಎಲ್ಲರೂ ಮಾತಾಡುವುದು ‘ಡಯಾ’ದಲ್ಲಿ, ಸಾಫ್ಟ್‌ವೇರ್ ಕೇಳುವುದು ಅಕ್ಷದಿಂದ ದೂರ. ಈ ಎಡವಟ್ಟು ಆಗದವರೇ ಇಲ್ಲ.

ಇಂಡಕ್ಟನ್ಸ್ 6.7 ನ್ಯಾನೊಹೆನ್ರಿ. ಹತ್ತು ಸಾವಿರ ಪಟ್ಟು ಕಡಿಮೆ. ಅದು 100ರ ವರ್ಗ. ಬ್ಲಾಕ್ ಲೇಬಲ್‌ನಲ್ಲಿ ಸುತ್ತಿನ ಸಂಖ್ಯೆ 1 ಎಂದೇ ಉಳಿದಿದೆ. ಫೀಲ್ಡ್ ಕೂಡ ನೂರು ಪಟ್ಟು ಕಡಿಮೆ ಇದ್ದರೆ ಖಾತ್ರಿ. ಫೀಲ್ಡ್ ಮಾತ್ರ ಸರಿಯಾಗಿ 2.33 ಬಂದಿದ್ದರೆ, ನೀವು ಒಂದು ಸುತ್ತಿಗೆ 100 ಆಂಪಿಯರ್ ಕೊಟ್ಟಿದ್ದೀರಿ. ಆಂಪಿಯರ್-ಟರ್ನ್ ಸರಿ, ಫೀಲ್ಡ್ ಸರಿ, ಆದರೆ ಇಂಡಕ್ಟನ್ಸ್ ಒಂದು ಸುತ್ತಿನದ್ದು.

ಇಂಡಕ್ಟನ್ಸ್ ಸರಿ, ಫೀಲ್ಡ್ 233. ಸುತ್ತು 100 ಹಾಕಿ, ಕರೆಂಟನ್ನೂ 100 ಹಾಕಿದ್ದೀರಿ. ಇಂಡಕ್ಟನ್ಸ್ ಎಂದರೆ ಫ್ಲಕ್ಸ್ ಲಿಂಕೇಜ್ (ಎಲ್ಲ ಸುತ್ತುಗಳ ಮೂಲಕ ಹಾಯುವ ಒಟ್ಟು ಫ್ಲಕ್ಸ್) ಭಾಗಿಸು ಕರೆಂಟ್ ತಾನೇ, ಮೇಲೆ ಕೆಳಗೆ ಎರಡೂ ಹೆಚ್ಚಾಗಿ ತಪ್ಪು ಮುಚ್ಚಿಹೋಗುತ್ತದೆ. ಅದಕ್ಕೇ ಒಂದು ಸಂಖ್ಯೆ ಸಾಲದು, ಮೂರೂ ನೋಡಿ ಎಂದದ್ದು. ಗಾಳಿ ಕಾಯಿಲ್‌ನಲ್ಲಿ ಇದು ಬರೀ ಮುಜುಗರ. ಕಬ್ಬಿಣದ ಕೋರ್ ಇದ್ದರೆ ಕೋರ್ ಸ್ಯಾಚುರೇಟ್ ಆಗಿ (ಇನ್ನಷ್ಟು ಫ್ಲಕ್ಸ್ ಹಿಡಿಯಲಾರದೆ) ಇಡೀ ಡಿಸೈನ್ ದಾರಿ ತಪ್ಪುತ್ತದೆ.

ಸರಿಯಾಗಿ ಅರ್ಧ, 33.5. ಇದಕ್ಕೆ ಎರಡು ಕಾರಣ ಇರಬಹುದು. ಸಮಯ ಉಳಿಸಲು ಅರ್ಧ ಕಾಯಿಲ್ ಮಾತ್ರ ಬಿಡಿಸಿ 50 ಸುತ್ತು ಕೊಟ್ಟಿದ್ದರೆ ಫ್ಲಕ್ಸ್ ಲಿಂಕೇಜ್ ಅರ್ಧದ್ದೇ ಬರುತ್ತದೆ, ಎರಡರಿಂದ ಗುಣಿಸಿಕೊಳ್ಳಿ. ಇಡೀ ಕಾಯಿಲ್ ಬಿಡಿಸಿಯೂ ಅರ್ಧ ಬಂದರೆ, ಬಹುಶಃ ನೀವು ಎಸಿಯಲ್ಲಿ ಶಕ್ತಿಯಿಂದ ಇಂಡಕ್ಟನ್ಸ್ ತೆಗೆದಿದ್ದೀರಿ. ಡಿಸಿಯಲ್ಲಿ ಎರಡು ಪಟ್ಟು ಶಕ್ತಿಯನ್ನು ಕರೆಂಟ್‌ನ ವರ್ಗದಿಂದ ಭಾಗಿಸಿದರೆ ಇಂಡಕ್ಟನ್ಸ್. ಎಸಿಯಲ್ಲಿ ಸಿಗುವುದು ಸರಾಸರಿ ಶಕ್ತಿ, ಕರೆಂಟ್ ಮಾತ್ರ ಪೀಕ್, ಅಂದರೆ ಅಲೆಯ ತುದಿಯ ಬೆಲೆ. ಅಲ್ಲಿ ನಾಲ್ಕು ಪಟ್ಟು ಬೇಕು. ಸರ್ಕ್ಯೂಟ್ ಪೆಟ್ಟಿಗೆಯಲ್ಲಿ ಕಾಣುವ ಫ್ಲಕ್ಸ್ ಬೈ ಕರೆಂಟ್ ಸಂಖ್ಯೆಗೆ ಈ ತಲೆನೋವಿಲ್ಲ.

ಬೌಂಡರಿ, ಅಂದರೆ ಮಾಡೆಲ್‌ನಲ್ಲಿ ಗಾಳಿ ಮುಗಿಯುವ ಹೊರ ಅಂಚು, ದೊಡ್ಡದು ಮಾಡಿದಷ್ಟೂ ಇಂಡಕ್ಟನ್ಸ್ ಏರುತ್ತಲೇ ಹೋಗುತ್ತದೆ. ಇದು ಪಟ್ಟಿನ ಲೆಕ್ಕಕ್ಕೆ ಸಿಗುವುದಿಲ್ಲ, ಏಕೆಂದರೆ ಉತ್ತರವೇ ಒಂದು ಕಡೆ ನಿಲ್ಲುವುದಿಲ್ಲ. ಫೆಮ್ ಹೊಸ ಫೈಲ್ ಪ್ಲೇನಾರ್ ಆಗಿ ತೆರೆಯುತ್ತದೆ, ಅಂದರೆ ಬಿಡಿಸಿದ ಚಿತ್ರ ಕಾಗದದ ಒಳಕ್ಕೆ ನೇರವಾಗಿ ಚಾಚಿದೆ ಎಂದು ಲೆಕ್ಕ. ನಿಮಗೆ ಬೇಕಾದದ್ದು ಆಕ್ಸಿಸಿಮೆಟ್ರಿಕ್, ಅಂದರೆ ಬಿಡಿಸಿದ ಚಿತ್ರವನ್ನು ಅಕ್ಷದ ಸುತ್ತ ತಿರುಗಿಸಿದಾಗ ಸಿಗುವ ಆಕಾರ. ಪ್ಲೇನಾರ್‌ನಲ್ಲಿ ನಿಮ್ಮ ಆಯತ ಹೋಗುವ ತಂತಿ ಮಾತ್ರ, ಹಿಂದಿರುಗುವ ತಂತಿ ಇಲ್ಲ. ಒಂಟಿ ತಂತಿಯ ಫೀಲ್ಡ್ ಎಷ್ಟು ದೂರ ಹೋದರೂ ಸಾಕಷ್ಟು ಬೇಗ ಕರಗುವುದಿಲ್ಲ. ಉದ್ದನೆಯ ಮೋಟರ್ ಸ್ಲಾಟ್, ಬಸ್‌ಬಾರ್ ಇಂಥವಕ್ಕೆ ಪ್ಲೇನಾರ್ ಸರಿ, ಆದರೆ ವಾಪಸ್ ಬರುವ ಬದಿಯನ್ನೂ ಬಿಡಿಸಿ ಅದಕ್ಕೆ ಸುತ್ತಿನ ಸಂಖ್ಯೆ ಮೈನಸ್ ಕೊಡಬೇಕು.

ಆಕ್ಸಿಸಿಮೆಟ್ರಿಕ್‌ನಲ್ಲಿ ಈ ಮೈನಸ್ ಹಾಕಬೇಡಿ. ಅಲ್ಲಿ ಒಂದು ಆಯತ ಎಂದರೆ ಆಗಲೇ ಇಡೀ ಉಂಗುರ. ಹೆಲ್ಮ್‌ಹೋಲ್ಟ್ಸ್ ಜೋಡಿ (ತ್ರಿಜ್ಯದಷ್ಟೇ ದೂರದಲ್ಲಿ ಎದುರುಬದುರು ಇಟ್ಟ ಒಂದೇ ಥರದ ಎರಡು ಕಾಯಿಲ್) ಮಾಡುವವರು ಇಲ್ಲಿ ಬೀಳುತ್ತಾರೆ. ಎರಡು ಕಾಯಿಲ್ ಕಂಡ ಕೂಡಲೇ ಒಂದಕ್ಕೆ ಪ್ಲಸ್, ಒಂದಕ್ಕೆ ಮೈನಸ್ ಕೊಟ್ಟುಬಿಡುತ್ತಾರೆ. ನಟ್ಟನಡುವೆ ಫೀಲ್ಡ್ ಸೊನ್ನೆ ಬರುತ್ತದೆ. ತ್ರಿಜ್ಯ 10 ಸೆಂ.ಮೀ., ಒಂದೊಂದಕ್ಕೂ 100 ಸುತ್ತು, 1 ಆಂಪಿಯರ್ ಇರುವ ಜೋಡಿಯ ನಡುವೆ 0.9 ಮಿಲಿಟೆಸ್ಲಾ ಬರಬೇಕು. ಇದನ್ನು ಎರಡನೇ ಒರೆಗಲ್ಲಾಗಿ ಇಟ್ಟುಕೊಳ್ಳಬಹುದು. ಹಾಗೆಯೇ ಆಕ್ಸಿಸಿಮೆಟ್ರಿಕ್‌ನಲ್ಲಿ ಅಕ್ಷದ ಎಡಕ್ಕೆ ಏನೂ ಇರಕೂಡದು. ಅಕ್ಷದ ಮೇಲೆ ಒಂದು ನೇರ ಗೆರೆ ಎಳೆದು ಗಾಳಿಯ ಜಾಗವನ್ನು ಮುಚ್ಚಬೇಕು.

ಗೋಡೆ ಎಲ್ಲಿ ಕಟ್ಟಬೇಕು

ನಿಜ ಜಗತ್ತಿನಲ್ಲಿ ಗಾಳಿಗೆ ಕೊನೆಯಿಲ್ಲ. ಮಾಡೆಲ್‌ನಲ್ಲಿ ಎಲ್ಲೋ ಒಂದು ಕಡೆ ನಿಲ್ಲಿಸಲೇಬೇಕು. ಆ ಅಂಚಿಗೆ ಎ ಸಮ ಸೊನ್ನೆ (ಎ ಎಂದರೆ ಫೆಮ್ ಲೆಕ್ಕ ಹಾಕುವ ಮ್ಯಾಗ್ನೆಟಿಕ್ ವೆಕ್ಟರ್ ಪೊಟೆನ್ಶಿಯಲ್) ಎಂದು ಕೊಟ್ಟರೆ ಫ್ಲಕ್ಸ್ ಗೆರೆ ಗೋಡೆ ದಾಟಲಾರದೆ ಅದಕ್ಕೆ ಒರಸಿಕೊಂಡು ಹೋಗುತ್ತದೆ. ಗೋಡೆ ಹತ್ತಿರವಿದ್ದರೆ ಫ್ಲಕ್ಸ್ ಇಕ್ಕಟ್ಟಾಗಿ ಇಂಡಕ್ಟನ್ಸ್ ಕಡಿಮೆ ತೋರಿಸುತ್ತದೆ. ಅಂಚಿಗೆ ಏನೂ ಕೊಡದೆ ಬಿಟ್ಟರೆ ಗೆರೆಗಳು ಗೋಡೆಗೆ ನೇರವಾಗಿ ಬಡಿಯುತ್ತವೆ, ಸುತ್ತ ಕಬ್ಬಿಣದ ಡಬ್ಬಿ ಇದ್ದಂತೆ. ಆಗ ಇಂಡಕ್ಟನ್ಸ್ ಜಾಸ್ತಿ. ಒಂದು ಒಳ್ಳೆಯ ಉಪಾಯ ಇಲ್ಲಿದೆ: ಒಂದು ಸಲ ಹೀಗೆ, ಒಂದು ಸಲ ಹಾಗೆ ಓಡಿಸಿ. ಗಾಳಿ ಕಾಯಿಲ್‌ಗೆ ನಿಜವಾದ ಉತ್ತರ ಎರಡರ ನಡುವೆ ಇರುತ್ತದೆ. ಎರಡರ ಅಂತರ 1 ಶೇಕಡಕ್ಕಿಂತ ಕಡಿಮೆ ಇದ್ದರೆ ಗೋಡೆ ಸಾಕಷ್ಟು ದೂರದಲ್ಲಿದೆ.

ಫೆಮ್‌ನ ಕೈಪಿಡಿ ಹೇಳುವ ಲೆಕ್ಕ: ನಡುವಿನಿಂದ ಕಾಯಿಲ್‌ನ ತುದಿ ಎಷ್ಟು ದೂರವೋ ಅದರ ಕನಿಷ್ಠ 5 ಪಟ್ಟು ದೂರದಲ್ಲಿ ಗೋಡೆ ಇರಲಿ. ನಮ್ಮ ಕಾಯಿಲ್‌ನ ಮೂಲೆ ನಡುವಿನಿಂದ 27 ಮಿ.ಮೀ. ದೂರ, ಹಾಗಾಗಿ 150 ಮಿ.ಮೀ. ತ್ರಿಜ್ಯದ ಅರ್ಧವೃತ್ತ ಸಾಕು. ಇದೆಲ್ಲ ಬೇಡ ಎನ್ನುವವರಿಗೆ ಓಪನ್ ಬೌಂಡರಿ ಕಟ್ಟಿಕೊಡುವ ಗುಂಡಿ ಇದೆ. ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಚಿಪ್ಪುಗಳನ್ನು ಹಾಕಿ ಕೊನೆಯಿಲ್ಲದ ಗಾಳಿಯನ್ನು ಅದು ಅಣಕಿಸುತ್ತದೆ. ನಾನು ಈಗ ಅದನ್ನೇ ಬಳಸುತ್ತೇನೆ.

ಅರ್ಧ ಮಾಡೆಲ್ ಮಾಡುವವರಿಗೆ ಒಂದು ಎಚ್ಚರಿಕೆ. ಕಾಯಿಲನ್ನು ಅಡ್ಡಕ್ಕೆ ಕತ್ತರಿಸಿದ ಜಾಗದಲ್ಲಿ ಫ್ಲಕ್ಸ್ ನೇರವಾಗಿ ದಾಟಿ ಹೋಗಬೇಕು. ಆ ಗೆರೆಗೆ ಏನೂ ಕೊಡಬೇಡಿ. ಅಭ್ಯಾಸಬಲದಿಂದ ಅಲ್ಲೂ ಎ ಸಮ ಸೊನ್ನೆ ಕೊಟ್ಟರೆ, ಇನ್ನರ್ಧ ಕಾಯಿಲ್ ಉಲ್ಟಾ ಸುತ್ತಿದ ಹಾಗೆ ಲೆಕ್ಕವಾಗುತ್ತದೆ.

ರೆಸಿಸ್ಟೆನ್ಸ್ ಹೇಳುವ ಕಥೆ

0.66 ಬರಬೇಕಾದಲ್ಲಿ 0.43 ಓಮ್ ಬಂದಿದೆಯೇ? ಲೈಬ್ರರಿಯಿಂದ ಸುಮ್ನೆ ‘ಕಾಪರ್’ ಎಳೆದು ಹಾಕಿದ್ದೀರಿ. ಆಗ ಇಡೀ 25 ಚದರ ಮಿ.ಮೀ. ತಾಮ್ರ ಎಂದೇ ಲೆಕ್ಕ. ಒಂದು ಸುತ್ತಿಗೆ 0.25 ಚದರ ಮಿ.ಮೀ. ಸಿಕ್ಕಿತು. ನಿಜವಾದ 26 ಗೇಜ್ ತಂತಿಯಲ್ಲಿ ಇರುವುದು 0.164. ದುಂಡು ತಂತಿಗಳ ನಡುವಿನ ಸಂದಿ, ಎನಾಮೆಲ್ ಎಲ್ಲವನ್ನೂ ಸಾಫ್ಟ್‌ವೇರ್ ತಾಮ್ರದಿಂದ ತುಂಬಿಬಿಟ್ಟಿದೆ. ಲೈಬ್ರರಿಯಲ್ಲಿ ಮ್ಯಾಗ್ನೆಟ್ ವೈರ್ ಪಟ್ಟಿಯಿಂದ ಗೇಜ್ ಆರಿಸಿ, ಅಥವಾ ಮಟೀರಿಯಲ್‌ನಲ್ಲಿ ಮ್ಯಾಗ್ನೆಟ್ ವೈರ್ ಎಂದು ಆರಿಸಿ ತಂತಿಯ ದಪ್ಪ ಕೊಡಿ.

0.84 ಬಂದಿದೆಯೇ? ನಮ್ಮ ಕಡೆಯವರಿಗೆ ಇದು ಹೇಳಿ ಮಾಡಿಸಿದ ತಪ್ಪು. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ‘26 ಗೇಜ್ ಕೊಡಿ’ ಎಂದರೆ ಕೊಡುವುದು ಎಸ್‌ಡಬ್ಲ್ಯುಜಿ, ಬ್ರಿಟಿಷರ ಅಳತೆ. ಅಮೆರಿಕದ ಎಡಬ್ಲ್ಯುಜಿ ಬೇರೆ. 26 ಎಸ್‌ಡಬ್ಲ್ಯುಜಿ 0.457 ಮಿ.ಮೀ., 26 ಎಡಬ್ಲ್ಯುಜಿ 0.405 ಮಿ.ಮೀ. ದಪ್ಪದಲ್ಲಿ ಸ್ವಲ್ಪವೇ ವ್ಯತ್ಯಾಸ ಕಂಡರೂ ರೆಸಿಸ್ಟೆನ್ಸ್ ಕಾಲು ಭಾಗದಷ್ಟು ಏರುತ್ತದೆ. ಗೇಜ್ ಸಂಖ್ಯೆಯನ್ನೇ ನಂಬದೆ ಮೈಕ್ರೊಮೀಟರ್‌ನಲ್ಲಿ ತಂತಿ ಅಳೆದು ಮಿ.ಮೀ.ನಲ್ಲಿ ಹಾಕುವುದು ಕ್ಷೇಮ. ಅಳೆಯುವ ಮೊದಲು ಎನಾಮೆಲ್ ಕೆರೆದು ತೆಗೆಯಿರಿ.

ಎಸಿ ಕೊಟ್ಟಾಗ ಹೊಸ ತಲೆನೋವು

ಡಿಸಿಯಲ್ಲಿ ಎಲ್ಲ ಸರಿ ಬಂದ ಮೇಲೆಯೇ ಫ್ರೀಕ್ವೆನ್ಸಿ ಹಾಕಿ. ಮೊದಲೇ ಹಾಕಿದರೆ ಯಾವ ತಪ್ಪು ಎಲ್ಲಿಂದ ಬಂತು ಎಂದು ಬಿಡಿಸಲಾಗುವುದಿಲ್ಲ.

ಮೊದಲನೆಯದು ಪೀಕ್ ಮತ್ತು ಆರ್‌ಎಂಎಸ್ (ಅಷ್ಟೇ ಬಿಸಿ ಮಾಡುವ ಡಿಸಿಯ ಬೆಲೆ). ಫೆಮ್‌ನಲ್ಲಿ ಎಸಿ ಕರೆಂಟ್ ಎಂದರೆ ಪೀಕ್. ನೀವು ಆರ್‌ಎಂಎಸ್ ಎಂದುಕೊಂಡು 1 ಹಾಕಿದರೆ, ಕಡಿಮೆ ಫ್ರೀಕ್ವೆನ್ಸಿಯಲ್ಲಿ 0.66 ವ್ಯಾಟ್ ಬಿಸಿಯಾಗಬೇಕಾದ ಕಾಯಿಲ್ 0.33 ತೋರಿಸುತ್ತದೆ. ಅದನ್ನು ನಂಬಿದರೆ ವಾರ್ನಿಷ್ ವಾಸನೆ ಮೂಗಿಗೆ ಬಡಿದಾಗಲೇ ಸತ್ಯ ಗೊತ್ತಾಗುವುದು.

ಎರಡನೆಯದು ಸ್ಕಿನ್ ಡೆಪ್ತ್, ಅಂದರೆ ಎಸಿ ಕರೆಂಟ್ ಲೋಹದ ಮೈಯಿಂದ ಸುಮಾರು ಎಷ್ಟು ಆಳದವರೆಗೆ ಹರಿಯುತ್ತದೆ ಎನ್ನುವುದು. ತಾಮ್ರದಲ್ಲಿ 50 ಹರ್ಟ್ಸ್‌ಗೆ 9.3 ಮಿ.ಮೀ., 10 ಕಿಲೋಹರ್ಟ್ಸ್‌ಗೆ 0.66, 100 ಕಿಲೋಹರ್ಟ್ಸ್‌ಗೆ 0.21. ದಪ್ಪ ತಾಮ್ರದ ಕೊಳವೆಯಿಂದ ಮಾಡಿದ ಇಂಡಕ್ಷನ್ ಹೀಟಿಂಗ್ ಕಾಯಿಲ್‌ನಂಥದ್ದನ್ನು ಗಟ್ಟಿ ತಾಮ್ರವಾಗಿ ಬಿಡಿಸಿದ್ದರೆ, ಒಂದು ಸ್ಕಿನ್ ಡೆಪ್ತ್ ಒಳಗೆ ಕನಿಷ್ಠ ಎರಡು ಮೂರು ತ್ರಿಕೋನವಾದರೂ ಇರಬೇಕು. ಫೆಮ್‌ನ ತ್ರಿಕೋನಗಳು ಮೊದಲ ದರ್ಜೆಯವು, ಒಂದೊಂದರೊಳಗೆ ಫೀಲ್ಡ್ ಒಂದೇ ಸಮ. ದೊಡ್ಡ ತ್ರಿಕೋನ ಹಾಕಿದರೆ ಅಂಚಿನ ಕರೆಂಟ್ ಕಾಣುವುದೇ ಇಲ್ಲ, ನಷ್ಟ ಕಡಿಮೆ ತೋರುತ್ತದೆ. ಮೆಶ್ ಅಳತೆ ಅರ್ಧ ಮಾಡಿ ಮತ್ತೆ ಓಡಿಸಿ, ಉತ್ತರ ಅಲುಗದಿದ್ದರೆ ಸಾಕು.

ದುಂಡು ತಂತಿಯನ್ನು ಒಂದೊಂದಾಗಿ ವೃತ್ತವಾಗಿ ಬಿಡಿಸುವವರು ಕಮಾನಿನ ತುಂಡಿನ ಡಿಗ್ರಿ ನೋಡಿ. ಸಾಫ್ಟ್‌ವೇರ್‌ಗೆ ವೃತ್ತ ಎಂದರೆ ಬಹುಭುಜ. 30 ಡಿಗ್ರಿ ಇಟ್ಟರೆ 12 ಬದಿಯ ಆಕಾರ, ವಿಸ್ತೀರ್ಣ ನಾಲ್ಕೂವರೆ ಶೇಕಡ ಕಡಿಮೆ, ರೆಸಿಸ್ಟೆನ್ಸ್ ಅಷ್ಟು ಹೆಚ್ಚು. 10 ಡಿಗ್ರಿ ಇಟ್ಟರೆ ತಪ್ಪು ಅರ್ಧ ಶೇಕಡಕ್ಕೆ ಇಳಿಯುತ್ತದೆ.

ಮೂರನೆಯದು ನನಗೆ ಬಲು ಇಷ್ಟವಾದ ತಪ್ಪು, ಏಕೆಂದರೆ ಸಾಫ್ಟ್‌ವೇರ್ ಹೇಳುವುದೇ ಸರಿಯಾಗಿರುತ್ತದೆ. ಎಸಿ ಹಾಕಿದ ಕೂಡಲೇ ಇಂಡಕ್ಟನ್ಸ್ ಕುಸಿದು ರೆಸಿಸ್ಟೆನ್ಸ್ ಏರಿತು ಎಂದರೆ ಎಲ್ಲೋ ಒಂದು ಶಾರ್ಟ್ ಆದ ಸುತ್ತು ಇದೆ. ಆಕ್ಸಿಸಿಮೆಟ್ರಿಕ್‌ನಲ್ಲಿ ನೀವು ಬಿಡಿಸಿದ ಪ್ರತಿ ಲೋಹದ ತುಂಡೂ ಮುಚ್ಚಿದ ಉಂಗುರವೇ. ಅಲ್ಯೂಮಿನಿಯಂ ಬಾಬಿನ್ (ತಂತಿ ಸುತ್ತುವ ಉರುಳೆ) ಹಾಕಿದ್ದೀರಾ? ಅದು ಟ್ರಾನ್ಸ್‌ಫಾರ್ಮರ್‌ನ ಶಾರ್ಟ್ ಮಾಡಿದ ಸೆಕೆಂಡರಿ ಹಾಗೆ ಕರೆಂಟ್ ಎಳೆಯುತ್ತದೆ. ನಿಜವಾದ ಬಾಬಿನ್‌ನಲ್ಲಿ ಉದ್ದಕ್ಕೂ ಸೀಳು ಹಾಕಿರುತ್ತಾರೆ, ಇದೇ ಕಾರಣಕ್ಕೆ. ಆದರೆ ಎರಡು ಆಯಾಮದ ಚಿತ್ರದಲ್ಲಿ ಆ ಸೀಳನ್ನು ಬಿಡಿಸಲು ಬರುವುದಿಲ್ಲ. ಹಾಗಾಗಿ ಬಾಬಿನ್‌ಗೆ ಒಂದು ಪ್ರತ್ಯೇಕ ಸೀರೀಸ್ ಸರ್ಕ್ಯೂಟ್ ಕೊಟ್ಟು ಕರೆಂಟ್ 0 ಎಂದು ಹಾಕಿ. ಒಟ್ಟು ಕರೆಂಟ್ ಸೊನ್ನೆ ಎಂದರೆ ಸುತ್ತು ತೆರೆದಿದೆ ಎಂದರ್ಥ. ಒಳಗಿನ ಸಣ್ಣ ಸುಳಿಗಳು ಇದ್ದೇ ಇರುತ್ತವೆ.

ತಂತಿಗಳನ್ನು ಒಂದೊಂದಾಗಿ ಬಿಡಿಸಿದವರಿಗೂ ಇದೇ ಮಾತು. ಎಲ್ಲವನ್ನೂ ಒಂದೇ ಸೀರೀಸ್ ಸರ್ಕ್ಯೂಟ್‌ಗೆ ಸೇರಿಸಿ. ಒಂದನ್ನು ಮರೆತರೂ ಅದು ಶಾರ್ಟ್ ಆದ ಉಂಗುರವಾಗಿ ಕೂರುತ್ತದೆ.

ಕಬ್ಬಿಣ ಬಂದರೆ

ಗಾಳಿ ಕಾಯಿಲ್ ಸರಿಯಾಗಿ, ಕೋರ್ ಹಾಕಿದ ಮೇಲೆ ಲೆಕ್ಕ ಮುಗಿಯದೆ ಸುತ್ತುತ್ತಿದ್ದರೆ ಬಿ-ಎಚ್ ಕರ್ವ್ ನೋಡಿ, ಅಂದರೆ ಎಷ್ಟು ಎಚ್ ಫೀಲ್ಡ್‌ಗೆ ಕಬ್ಬಿಣದಲ್ಲಿ ಎಷ್ಟು ಬಿ ಬರುತ್ತದೆ ಎನ್ನುವ ಪಟ್ಟಿ. ಮೊದಲ ಬಿಂದು 0, 0 ಆಗಿರಬೇಕು. ಮುಂದಿನ ಪ್ರತಿ ಬಿಂದುವಿನಲ್ಲೂ ಎರಡೂ ಏರುತ್ತಲೇ ಹೋಗಬೇಕು. ಗ್ರಾಫಿನಿಂದ ಕಣ್ಣಳತೆಯಲ್ಲಿ ಎತ್ತಿಕೊಂಡ ಸಂಖ್ಯೆಗಳಲ್ಲಿ ಎಲ್ಲೋ ಒಂದು ಹಿಂದಕ್ಕೆ ಬಿದ್ದಿರುತ್ತದೆ. ಯೂನಿಟ್ ಕೂಡ ನೋಡಿ. ಹಳೆಯ ಕ್ಯಾಟಲಾಗ್‌ಗಳಲ್ಲಿ ಗಾಸ್ ಮತ್ತು ಓರ್ಸ್ಟೆಡ್ ಇರುತ್ತದೆ. 10,000 ಗಾಸ್‌ಗೆ 1 ಟೆಸ್ಲಾ, 1 ಓರ್ಸ್ಟೆಡ್‌ಗೆ 79.6 ಆಂಪಿಯರ್ ಪ್ರತಿ ಮೀಟರ್.

50 ಹರ್ಟ್ಸ್‌ನಲ್ಲಿ ಕೋರ್ ಇದ್ದೂ ಇಂಡಕ್ಟನ್ಸ್ ತೀರಾ ಕಡಿಮೆ ಬಂದು, ಫ್ಲಕ್ಸ್ ಎಲ್ಲ ಕೋರ್‌ನ ಮೈಮೇಲೇ ಹರಿಯುತ್ತಿದ್ದರೆ, ಸ್ಟ್ಯಾಂಪಿಂಗನ್ನು (ಒಂದರ ಮೇಲೊಂದು ಜೋಡಿಸಿದ ತೆಳು ತಗಡುಗಳ ಕೋರ್) ಗಟ್ಟಿ ಕಬ್ಬಿಣ ಎಂದು ಹಾಕಿದ್ದೀರಿ. ಗಟ್ಟಿ ಉಕ್ಕಿನಲ್ಲಿ 50 ಹರ್ಟ್ಸ್‌ಗೂ ಸ್ಕಿನ್ ಡೆಪ್ತ್ 1 ಮಿ.ಮೀ. ಆಸುಪಾಸು. ಮಟೀರಿಯಲ್‌ನಲ್ಲಿ ಲ್ಯಾಮಿನೇಟೆಡ್ ಎಂದು ಆರಿಸಿ, ತಗಡಿನ ದಪ್ಪ ಕೊಡಿ.

ಸ್ಯಾಚುರೇಟ್ ಆಗುತ್ತಿರುವ ಕೋರ್‌ನಲ್ಲಿ ಫ್ಲಕ್ಸ್ ಬೈ ಕರೆಂಟ್ ಒಂದು ಉತ್ತರ, ಆ ಜಾಗದಲ್ಲಿ ಕರೆಂಟ್ ಸ್ವಲ್ಪ ಬದಲಾದರೆ ಕಾಣುವ ಇಂಡಕ್ಟನ್ಸ್ ಇನ್ನೊಂದು. ಪವರ್ ಸಪ್ಲೈ ಚೋಕ್‌ಗೆ ಬೇಕಾದದ್ದು ಎರಡನೆಯದು. 5 ಆಂಪಿಯರ್‌ಗೆ ಒಮ್ಮೆ, 5.1ಕ್ಕೆ ಒಮ್ಮೆ ಓಡಿಸಿ, ಫ್ಲಕ್ಸ್ ಲಿಂಕೇಜ್‌ಗಳ ವ್ಯತ್ಯಾಸವನ್ನು 0.1ರಿಂದ ಭಾಗಿಸಿ.

ಮೂರು ಆಯಾಮಕ್ಕೆ ಹೋದವರಿಗೆ

ಚೌಕದ ಕಾಯಿಲ್, ಪಿಸಿಬಿ ಮೇಲಿನ ಸುರುಳಿ, ಇ ಕೋರ್, ಇವಕ್ಕೆ ಎರಡು ಆಯಾಮ ಸಾಲದು. ಎಲ್ಮರ್, ಕಾಮ್ಸಾಲ್, ಆನ್ಸಿಸ್ ಮ್ಯಾಕ್ಸ್‌ವೆಲ್ ಹೀಗೆ ಬೇರೆ ದಾರಿಗಳಿವೆ. ಅಲ್ಲಿ ಲೆಕ್ಕ ಕನ್ವರ್ಜ್ ಆಗದಿದ್ದರೆ (ಒಂದು ಉತ್ತರಕ್ಕೆ ಬಂದು ನಿಲ್ಲದಿದ್ದರೆ) ಮೊದಲು ಕಾಯಿಲ್‌ನ ಎರಡು ತುದಿ ನೋಡಿ. ತಂತಿ ಗಾಳಿಯಲ್ಲಿ ಸುಮ್ಮನೆ ನಿಂತಿದ್ದರೆ ಕರೆಂಟ್ ಎಲ್ಲಿಗೆ ಹೋಗಬೇಕು? ಒಂದೋ ತುದಿಗಳನ್ನು ಬೌಂಡರಿ ಗೋಡೆಯವರೆಗೆ ಎಳೆಯಿರಿ, ಇಲ್ಲವೇ ಕಾಯಿಲನ್ನು ಮುಚ್ಚಿದ ಉಂಗುರವಾಗಿ ಮಾಡಿ. ಎಸಿ ಲೆಕ್ಕದಲ್ಲಿ ಗಾಳಿಯ ಕಂಡಕ್ಟಿವಿಟಿ ಪೂರ್ತಿ ಸೊನ್ನೆ ಇದ್ದಾಗ ಸಾಲ್ವರ್ ಒದ್ದಾಡಿದರೆ, ಸೊನ್ನೆಯ ಬದಲು ಒಂದು ಸಣ್ಣ ಬೆಲೆ ಕೊಡುವುದು ವಾಡಿಕೆ. ತಾಮ್ರದ್ದು ಸುಮಾರು 5.8 ಕೋಟಿ ಸೀಮೆನ್ಸ್ ಪ್ರತಿ ಮೀಟರ್, ಅದರ ಮುಂದೆ ಗಾಳಿಗೆ 1 ಕೊಟ್ಟರೂ ಸಾಮಾನ್ಯವಾಗಿ ಉತ್ತರ ಅಲುಗುವುದಿಲ್ಲ. ಆದರೂ 1ರ ಜಾಗದಲ್ಲಿ 10 ಹಾಕಿ ಒಮ್ಮೆ ಹೋಲಿಸಿ.

ಆ 67 ಮೈಕ್ರೊಹೆನ್ರಿ ಕಾಯಿಲನ್ನು ಅಲ್ಲೂ ಒಮ್ಮೆ ಬಿಡಿಸಿ. ಫೆಮ್‌ನಲ್ಲಿ ಸರಿ ಬಂದದ್ದು ಹೊಸ ಸಾಫ್ಟ್‌ವೇರ್‌ನಲ್ಲೂ ಸರಿ ಬಂದ ಮೇಲೆಯೇ ನಿಮ್ಮ ಚೌಕದ ಕಾಯಿಲ್‌ಗೆ ಕೈ ಹಾಕಿ.

ಕೊನೆಗೆ ಮೀಟರ್

ಸಿಮ್ಯುಲೇಶನ್ 67 ಎನ್ನುತ್ತದೆ, ಇಂಡಕ್ಟನ್ಸ್ ಅಳೆಯುವ ಎಲ್‌ಸಿಆರ್ ಮೀಟರ್ ಬೇರೇನೋ ಎನ್ನುತ್ತದೆ. ಕೂಡಲೇ ಮಾಡೆಲ್ ತಿದ್ದಲು ಹೋಗಬೇಡಿ, ಮೀಟರ್‌ನ ಫ್ರೀಕ್ವೆನ್ಸಿ ನೋಡಿ. 100 ಹರ್ಟ್ಸ್‌ನಲ್ಲಿ 67 ಮೈಕ್ರೊಹೆನ್ರಿಯ ರಿಯಾಕ್ಟೆನ್ಸ್ (ಇಂಡಕ್ಟನ್ಸ್ ಎಸಿಗೆ ಒಡ್ಡುವ ತಡೆ) 0.042 ಓಮ್ ಅಷ್ಟೇ. 0.66 ಓಮ್ ರೆಸಿಸ್ಟೆನ್ಸ್‌ನ ಗದ್ದಲದಲ್ಲಿ ಅದನ್ನು ಮೀಟರ್ ಹುಡುಕಬೇಕು. 1 ಕಿಲೋಹರ್ಟ್ಸ್‌ನಲ್ಲೂ 0.42. 10 ಕಿಲೋಹರ್ಟ್ಸ್‌ಗೆ ಏರಿಸಿ, 4.2 ಓಮ್ ಆಗುತ್ತದೆ, ಆಗ ನಂಬಬಹುದು. ಕ್ಲಿಪ್‌ಗಳ ತಂತಿ ಉದ್ದವಾಗಿದ್ದರೆ ಅದೂ ಒಂದು ಸುತ್ತೇ, ಎರಡನ್ನೂ ಕೂಡಿಸಿ ಶಾರ್ಟ್ ಮಾಡಿ ಮೀಟರನ್ನು ಸೊನ್ನೆ ಮಾಡಿಕೊಳ್ಳಿ. ಫೆರೈಟ್ ಕೋರ್ ಆದರೆ, ಗ್ಯಾಪ್ ಇಲ್ಲದ ಕೋರ್‌ಗಳಿಗೆ ತಯಾರಕರೇ ಸಾಮಾನ್ಯವಾಗಿ 25 ಶೇಕಡ ಹೆಚ್ಚು ಕಡಿಮೆ ಎಂದು ಬರೆದಿರುತ್ತಾರೆ.

ಮತ್ತೆ, ಕಾಯಿಲನ್ನು ವರ್ಕ್‌ಶಾಪಿನ ಕಬ್ಬಿಣದ ಬೆಂಚಿನ ಮೇಲಿಟ್ಟು ಅಳೆಯಬೇಡಿ. ಬೆಂಚು ನಿಮ್ಮ ಮಾಡೆಲ್‌ನಲ್ಲಿ ಇಲ್ಲ. ಒಂದು ಮರದ ಮಣೆಯನ್ನೋ ರಟ್ಟಿನ ಡಬ್ಬಿಯನ್ನೋ ಕೆಳಗಿಟ್ಟು ಎತ್ತರಕ್ಕೆ ಹಿಡಿದು ಇನ್ನೊಮ್ಮೆ ಅಳೆಯಿರಿ.